ಅಕ್ಕನ ಕಾಲ ಮೇಲೆ ಮಿಂದ ಮಕ್ಕಳು

ಈ ವರ್ಷವೂ ಊರಿನ ಯುವಕ ಸಂಘದವರು ಹಿರಿಯರ ದಿನಕ್ಕೆ ಕರೆಯಲು ಬಂದಿದ್ದರು. ವೇದಿಕೆ ಮೇಲೆ ನಾನು ನಾಲ್ಕು ಮಾತಾಡಬೇಕಂತೆ. ಟೀಚರಾಗಿದ್ದವಳು, ಮಾತು ತಾನಾಗಿ ಬರುತ್ತದೆ ಅಂತ ಅವರ ಲೆಕ್ಕ. "ಮಾತು ಬರ್ತದೆ ಕಣ್ರಪ್ಪಾ, ಆದ್ರೆ ನಾನಾಡೋ ಮಾತು ಸಮಾರಂಭಕ್ಕೆ ಹೊಂದಲ್ಲ" ಎಂದು ಕಾಫಿ ಕೊಟ್ಟು ಕಳಿಸಿದೆ. ಹುಡುಗರು ಮುಖ ಚಿಕ್ಕದು ಮಾಡಿಕೊಂಡು ಹೋದರು. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಕಡೆಯ ಹಳ್ಳಿ. ಗಂಡನ ಮನೆಯವರು ಕುರಿ ಸಾಕಿಕೊಂಡು ಬಂದವರು. ಈಗ ಕುರಿ ಕಡಿಮೆ, ಕಡಲೆಕಾಯಿ ಜಾಸ್ತಿ. ನಾನು ಕೆಲಸದ ದಿನಗಳನ್ನೆಲ್ಲ ಶಿರಾ ಸುತ್ತಿನ ಶಾಲೆಗಳಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಊರಿಗೆ ಬಂದವಳು. ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಪಕ್ಕದ ಮನೆಯಲ್ಲೇ ಇದ್ದಾಳೆ. ನಾನು ಅವಳನ್ನು ಕರೆಯುವುದು ಅಕ್ಕ ಅಂತ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ಆದರೂ ನನಗಿಂತ ಗಟ್ಟಿಯಾಗಿದ್ದಳು. ಬಾಯಿಯಂತೂ ಇನ್ನೂ ಗಟ್ಟಿ.

ಅಕ್ಕ ಎಳೆಮಕ್ಕಳಿಗೆ ನೀರು ಹಾಕುವವಳು. ಬೀದಿಯ ಯಾವ ಮನೆಗೆ ಬಾಣಂತಿ ಬಂದರೂ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ ಅಕ್ಕನಿಗೆ ಹೇಳಿಕಳಿಸುತ್ತಿದ್ದರು. ಅವಳು ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ಜೋಡಿಸಿ ಮುಂದಕ್ಕೆ ನೀಡಿ ಕೂರುವಳು. ಆ ಕಾಲುಗಳೇ ಮಗುವಿಗೆ ಹಾಸಿಗೆ. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹಣೆಗೆ ಅಂಗೈ ಅಡ್ಡ ಹಿಡಿದು ಬಿಸಿನೀರು ಹೊಯ್ಯುವಳು. ಮಗು ಮೊದಲು ಊರೆಲ್ಲ ಒಂದಾಗುವಂತೆ ಕಿರುಚುವುದು, ಆಮೇಲೆ ಮೆಲ್ಲಗೆ ಕಣ್ಣು ಮಾಲಿಸುವುದು. ಮೂಗಿಗೆ ಎಣ್ಣೆ ಬಿಡಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಅದನ್ನು ಬಿಟ್ಟಿದ್ದಳು, ಗೊಣಗಿಕೊಂಡೇ.

ಈ ಕೆಲಸದಿಂದ ಅಕ್ಕನಿಗೆ ಬೀದಿಯಲ್ಲಿ ಒಂದು ದರ್ಬಾರು ಇತ್ತು. ಮೀಸೆ ಬಂದ ಗಂಡಸರೂ ಅವಳ ಮುಂದೆ ಎದೆ ಸೆಟೆಸುವ ಹಾಗಿರಲಿಲ್ಲ. "ಏನ್ಲಾ, ನನ್ ಕಾಲ್ ಮ್ಯಾಲೆ ಉಚ್ಚೆ ಉಯ್ದೋನು ನೀನು, ನನ್ಗೇ ಬುದ್ಧಿ ಹೇಳಕ್ ಬಂದ್ಬುಟ್ಟಾ?" ಅನ್ನುವಳು. ಎದುರಿದ್ದವನು ನಕ್ಕು ಜಾರಿಕೊಳ್ಳಲೇಬೇಕು. ಯುವಕ ಸಂಘದ ಅಧ್ಯಕ್ಷನೂ ಆ ಕಾಲ ಮೇಲೆ ಮಿಂದವನೇ.

ಸಂಘದವರಿಗೆ ಹಿರಿಯರ ಮೇಲೆ ಕಾಳಜಿ ಹುಟ್ಟಿದ್ದು ಒಂದು ಜಗಳದಿಂದ. ಕೊಡಿಗೇನಹಳ್ಳಿಯಿಂದ ಬರುವ ಬಸ್ಸಿನಲ್ಲಿ ಯಾರೋ ನಮ್ಮೂರ ಮುದುಕನೊಬ್ಬನಿಗೆ "ಮನೇಲಿ ಬಿದ್ದಿರೋದ್ ಬುಟ್ಟು ನಿನಗ್ಯಾಕೆ ಊರೂರು ತಿರುಗಾಟ" ಅಂದರಂತೆ. ಹುಡುಗರಿಗೆ ರೇಗಿತು. ಅವರ ಜೊತೆ ಹೆಂಗಸರ ಸಂಘವೂ ಸೇರಿತು. ಆ ಸಂಘದ ಮುಂದಾಳು ಅಕ್ಕನ ಸೊಸೆ. ನ್ಯಾಯವಾಗಿ ಹೇಳಬೇಕು, ಅವರು ಮಾಡಿದ್ದರಲ್ಲಿ ಒಳ್ಳೆಯದು ಬಹಳ ಇತ್ತು. ರೇಷನ್ ಅಂಗಡಿಯಲ್ಲಿ ವಯಸ್ಸಾದವರು ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಕಣ್ಣಿನ ಡಾಕ್ಟರನ್ನು ಊರಿಗೇ ಕರೆಸಿದರು. ಮುದಿಗೊಡ್ಡು ಅನ್ನುವ ಮಾತನ್ನು ಊರಲ್ಲಿ ಆಡಕೂಡದು ಎಂದು ಕಟ್ಟು ಮಾಡಿದರು. ಅದೊಂದಕ್ಕೇ ನಾನು ಅವರಿಗೆ ಕೈ ಮುಗಿಯುತ್ತೇನೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೊದಲ ವರ್ಷದ ಸಮಾರಂಭದಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಶಾಲು ಹೊದಿಸಿದರು, ತಲೆಗೊಂದರಂತೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಆಮೇಲೆ ಅಕ್ಕನ ಸೊಸೆ ಮೈಕು ಹಿಡಿದು ಊರಿಗೆಲ್ಲ ಪ್ರತಿಜ್ಞೆ ಹೇಳಿಕೊಟ್ಟಳು: ಹಿರಿಯರಿಗೆ ಎದುರು ಮಾತಾಡುವುದಿಲ್ಲ, ಹಿರಿಯರನ್ನು ಹಸಿದಿರಿಸುವುದಿಲ್ಲ, ಹಿರಿಯರ ಕೈಯಲ್ಲಿ ಕೆಲಸ ಮಾಡಿಸುವುದಿಲ್ಲ. ನಮ್ಮ ಕಡೆ ಹೀಗೇ. ಗೌರವ ಅಂದರೆ ಕೂರಿಸುವುದು, ಕೂತವರ ಕೈಗೆ ತಟ್ಟೆ ತಂದುಕೊಡುವುದು. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕನೂ ಶಾಲಿನೊಳಗಿಂದ ಕೈ ತೆಗೆದು ಹೊಡೆದಳು.

ಮುಂದಿನ ತಿಂಗಳು ಎದುರು ಮನೆಗೆ ಬಾಣಂತಿ ಬಂದಳು. ಹಂಡೆಯ ಹೊಗೆ ಎದ್ದಿತು, ಅಕ್ಕನಿಗೆ ಕರೆ ಬರಲಿಲ್ಲ. ಅವಳೇ ಎದ್ದು ಹೋದರೆ ಆ ಮನೆಯವಳು "ಅಯ್ಯೋ, ನೀವ್ಯಾಕಜ್ಜಿ ಕಷ್ಟ ಬೀಳ್ತೀರ, ಕೂತ್ಕಳಿ" ಎಂದು ಜಗಲಿಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಮಗುವನ್ನು ಒಂದು ಗಳಿಗೆ ತೋರಿಸಿ ಒಳಗೆ ಒಯ್ದಳು. ಅಲ್ಲಿಂದ ಮುಂದೆ ಎಲ್ಲ ಮನೆಗಳಲ್ಲೂ ಹಾಗೇ ಆಯಿತು. ಯಾರದೂ ಅಹಂಕಾರವಲ್ಲ. ಮಾತು ಕೊಟ್ಟಿದ್ದರು, ಉಳಿಸಿಕೊಳ್ಳುತ್ತಿದ್ದರು.

ಅಕ್ಕ ಜಗಲಿಯ ಕುರ್ಚಿಯಲ್ಲಿ ಕೂರತೊಡಗಿದಳು. ಊಟ ಅಲ್ಲಿಗೇ ಬರುತ್ತಿತ್ತು, ನೀರೂ ಅಲ್ಲಿಗೇ. ನೆಲದ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದವಳಿಗೆ ಸೊಸೆ ಮಂಚ ಕೊಡಿಸಿದಳು. ಕಸ ಗುಡಿಸಲು ಬಗ್ಗಿದರೆ ಮೊಮ್ಮಗ ಓಡಿಬಂದು ಪೊರಕೆ ಕಿತ್ತುಕೊಳ್ಳುವನು. ಕೆಲವು ತಿಂಗಳಲ್ಲಿ ಅವಳು ಏಳುವಾಗ ಕುರ್ಚಿಯ ಎರಡೂ ಕೈ ಹಿಡಿದು ಏಳುವುದನ್ನು ನೋಡಿದೆ. ವಯಸ್ಸಾಯಿತಲ್ಲ ಅಂದುಕೊಂಡೆ. ನನ್ನಂಥವಳೂ ಹಾಗೇ ಅಂದುಕೊಂಡಳಲ್ಲ ಅನ್ನುವುದು ಈಗಲೂ ನನ್ನನ್ನು ತಿನ್ನುತ್ತದೆ.

ಆದರೆ ಅಕ್ಕ ಕಾಯುತ್ತಿದ್ದ ಮಗು ಬೇರೆ. ಕೊರಟಗೆರೆ ಕಡೆಗೆ ಕೊಟ್ಟಿದ್ದ ಮೊಮ್ಮಗಳು ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಲ್ಲೇ. ಆ ಮೊಮ್ಮಗಳಿಗೂ ಅಕ್ಕನೇ ನೀರು ಹಾಕಿದ್ದು. ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಒಗೆದು ಹರಿದು ಮಡಿಸಿಟ್ಟಳು. ಒಂದು ದಿನ ನನ್ನನ್ನು ಹತ್ತಿರ ಕರೆದು ಹೇಳಿದಳು: "ಬೇರೆಯೋರ್ ಮಕ್ಳು ಅಂಗಿರ್ಲಿ ಬುಡು. ಇದೊಂದು ಮಗೀಗೆ ನೀರ್ ಹಾಕ್ಬುಟ್ರೆ ಸಾಕು ಕಣಮ್ಮಿ. ಆಮೇಲೆ ಕುರ್ಚಿಗಾದ್ರೂ ಕೂರ್ಸ್ಲಿ, ಚಟ್ಟಕ್ಕಾದ್ರೂ ಕಟ್ಲಿ." ಅವಳು ಯಾವುದನ್ನೂ ಹಾಗೆ ಬೇಡಿದ್ದನ್ನು ನಾನು ಕಂಡಿರಲಿಲ್ಲ. ಚಟ್ಟದ ಮಾತೆತ್ತಿದ್ದಕ್ಕೆ ಬೈದುಬಿಟ್ಟೆ.

ಮಗು ಹುಟ್ಟಿದಾಗ ನಾನು ಪಾವಗಡದಲ್ಲಿ ಮಗಳ ಮನೆಯಲ್ಲಿದ್ದೆ. ಬರುವ ಹೊತ್ತಿಗೆ ಬಾಣಂತಿ ಮನೆಗೆ ಬಂದು ಎರಡು ವಾರವಾಗಿತ್ತು. ಬಚ್ಚಲಲ್ಲಿ ಯಾರೋ ಹೆಂಗಸು ಮಗುವಿಗೆ ನೀರು ಹಾಕುತ್ತಿದ್ದಳು. ಸೊಸೆ ಕೊಡಿಗೇನಹಳ್ಳಿಯಿಂದ ಗೊತ್ತುಮಾಡಿದ್ದಳಂತೆ. ಅಕ್ಕ ಜಗಲಿಯಲ್ಲಿ ಕೂತು ಒಳಗಿನ ಅಳು ಕೇಳಿಸಿಕೊಳ್ಳುತ್ತಿದ್ದಳು. "ಬಿಸಿ ಜಾಸ್ತಿಯಾಯ್ತೇನೋ, ಅದ್ಕೇ ಅಳ್ತದೆ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸೊಸೆಯನ್ನು ಹಿತ್ತಿಲಿಗೆ ಕರೆದೆ. "ಏನವ್ವ ಇದು? ಮನೇಲಿ ದೇವ್ರಂಥ ಕೈ ಇಟ್ಕೊಂಡು ಹೊರಗಿನೋರನ್ನ ಕರೆಸಿದ್ದೀಯಲ್ಲ?"

"ನಾನೇನ್ ಮಾಡ್ಲಿ ಚಿಕ್ಕತ್ತೆ? ಊರಿಗೆಲ್ಲ ಪ್ರತಿಜ್ಞೆ ಹೇಳ್ಕೊಟ್ಟೋಳು ನಾನು. ನಮ್ಮತ್ತೇನೇ ಬಚ್ಚಲಲ್ಲಿ ಕೂರ್ಸುದ್ರೆ ಜನ ಉಗಿಯಲ್ವಾ?"

"ನೀರು ಹಾಕಬೇಕಾಗಿರೋದು ಮಗೂಗೆ ಕಣೇ, ಜನಕ್ಕಲ್ಲ. ಅವಳನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಬೇಕು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು "ನಾಳೆಯಿಂದ ಅತ್ತೇನೇ ಹಾಕ್ಲಿ ಬುಡಿ" ಅಂದಳು. ಕೆಟ್ಟವಳಲ್ಲ ಅವಳು. ಅತ್ತೆಗೆ ಇಂಥದ್ದು ಬೇಕು ಅಂದರೆ ಮಧುಗಿರಿಗೆ ಹೋಗಿ ತರುವಳು.

ಮರುದಿನ ಅಕ್ಕ ಬೇಗ ಎದ್ದು ಸ್ನಾನ ಮಾಡಿ, ಹರಳೆಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡಿಕೊಂಡಳು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿದಳು. ಮಣೆ ಹಾಕಿಸಿದಳು. ಕೂರಲು ಹೋದವಳಿಗೆ ಬಗ್ಗಲಾಗಲಿಲ್ಲ. ನಾನೊಂದು ಕಡೆ, ಸೊಸೆ ಒಂದು ಕಡೆ ಹಿಡಿದು ಇಳಿಸಿದೆವು. ಸೀರೆ ಎತ್ತಿ ಸಿಕ್ಕಿಸಿ ಕಾಲು ನೀಡಿದಳು. ಮಂಡಿಗಳು ನೆಲಕ್ಕೆ ಮುಟ್ಟಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೆಯೇ ಮಡಿಚಿಕೊಂಡು ನಿಂತುಬಿಟ್ಟಿದ್ದವು. ಅಕ್ಕ ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದಳು. ನೋವಿಗೆ ಹಲ್ಲು ಕಚ್ಚಿದ್ದಳು. ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಬಲಗಾಲು ಸ್ವಲ್ಪ ಇಳಿಯಿತು, ಎಡಗಾಲು ಹಾಗೇ ಇತ್ತು. ಮೊಮ್ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು.

"ತಾ ಇಲ್ಲಿ" ಎಂದು ಅಕ್ಕ ಕೈ ಚಾಚಿದಳು. ಮಗುವನ್ನು ತೆಗೆದುಕೊಂಡು ಕಾಲ ಮೇಲೆ ಇಟ್ಟು, ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಹಿಡಿದ ಕೈ ಬಿಟ್ಟರೆ ಮಗು ಒಂದು ಬದಿಗೆ ಉರುಳುತ್ತಿತ್ತು. ನೀರು ಹೊಯ್ಯಲು ಕೈ ಎಲ್ಲಿತ್ತು? ಅದರ ಮುಖವನ್ನೇ ನೋಡಿ, ತಲೆ ನೇವರಿಸಿ, ವಾಪಸು ಕೊಟ್ಟಳು. "ತಕೊಂಡೋಗವ್ವ. ಜಾರ್ಬುಡ್ತದೆ."

ಸೊಸೆ ಬಚ್ಚಲ ಒದ್ದೆ ನೆಲದ ಮೇಲೇ ಕುಸಿದು ಅತ್ತಳು. "ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ ಅತ್ತೆ. ಒಂದ್ ಮಾತು ನೀವಾದ್ರೂ ಹೇಳ್ಬಾರ್ದಾಗಿತ್ತಾ?"

ಅಕ್ಕ ಅವಳ ಬೆನ್ನ ಮೇಲೆ ಎಣ್ಣೆಗೈಯನ್ನೇ ಇಟ್ಟಳು. "ಗೊತ್ತು ಕಣವ್ವ. ನೀನು ಬೈದು ಮೂಲೇಗ್ ಕೂರ್ಸಿದ್ರೆ ಜಗಳ ಆಡಿ ಎದ್ದೋಗ್ತಿದ್ದೆ. ಊರೆಲ್ಲ ಸೇರಿ ಮರ್ವಾದೆ ಕೊಟ್ಟು ಕೂರ್ಸುದ್ರಿ. ಅದ್ಕೆ ಹೆಂಗೆ ಎದುರಾಡಾದು ಹೇಳು?"

ನಾನೂ ಸೊಸೆಯೂ ಸೇರಿ ಅಕ್ಕನನ್ನು ಎಬ್ಬಿಸಿದೆವು. ಕೊಡಿಗೇನಹಳ್ಳಿಯ ಹೆಂಗಸಿಗೆ ಫೋನು ಮಾಡಿದೆವು. ಅವಳು ಬಸ್ಸು ಹಿಡಿದು ಬರುವಷ್ಟರಲ್ಲಿ ಹಂಡೆಯ ನೀರು ಆರಿತ್ತು, ಮತ್ತೆ ಕಾಯಿಸಬೇಕಾಯಿತು.