ಮಲ್ಲಿಗೆ ಸಮ್ಮೇಳನದ ಪಟ್ಟಿ

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಪದವಿ ಮುಗಿಸಿದ ಹೊಸತರಲ್ಲಿ, ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರರ ಸಮ್ಮೇಳನಕ್ಕೆ ಸಹಾಯಕಿಯಾಗಿ ಹೋಗಿದ್ದೆ. ಜನ ಬರೀ ಭಾಷಣ ಕೇಳಿ ಎದ್ದುಹೋಗಬಾರದು, ಅವರೂ ಮಾತಾಡಬೇಕು ಎಂಬುದು ಅದನ್ನು ನಡೆಸುತ್ತಿದ್ದ ತೋಟಗಾರಿಕೆ ಅಧಿಕಾರಿಯ ಆಸೆ. ಅದಕ್ಕಾಗಿ ಹೆಂಗಸರನ್ನು ದುಂಡಗೆ ಕೂರಿಸಿದರು. ಪ್ರತಿಯೊಬ್ಬರೂ ಹೆಸರು, ಊರು, ಮಕ್ಕಳೆಷ್ಟು ಎಂದು ಹೇಳಿ ಪರಿಚಯ ಮಾಡಿಕೊಳ್ಳಲಿ, ನೀವು ಬರೆದುಕೊಳ್ಳಿ ಎಂದು ನನಗೆ ಹೇಳಿದರು.

ನಾನು ನೋಟ್‌ಬುಕ್ ತೆರೆದೊಡನೆ ಮಾತು ನಿಂತಿತು. ಕೆಲವೇ ವರ್ಷಗಳ ಹಿಂದೆ, ತುರ್ತು ಪರಿಸ್ಥಿತಿಯಲ್ಲಿ, ಹೀಗೆಯೇ ಮಕ್ಕಳ ಲೆಕ್ಕ ಬರೆದುಕೊಂಡು ಹೋದ ಮೇಲೆ ಮಕ್ಕಳಾಗದ ಆಪರೇಷನ್ನಿಗೆ ಕರೆದೊಯ್ಯಲು ಜೀಪು ಬಂದದ್ದನ್ನು ಅವರು ಮರೆತಿರಲಿಲ್ಲ.

ಇಟ್ಟಿಗಿ ಎಂಬ ಹಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬಳು ಕೇಳಿದಳು: "ಮಲ್ಲಿಗಿ ಗಿಡಕ್ಕ ನನ್ನ ಮಕ್ಕಳ ಲೆಕ್ಕ ಯಾಕ ಬೇಕವಾ?"

"ಸುಮ್ನ ಪರಿಚಯಕ್ಕರಿ, ಅಮ್ಮಾ."

"ಪರಿಚಯ ಬಾಯಾಗ ಆಕ್ಕೈತಿ. ಹಾಳಿ ಯಾಕ?"

ಎಲ್ಲರೂ ನಕ್ಕರು. ಆದರೆ ಇಬ್ಬರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಪಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಅಧಿಕಾರಿಯನ್ನು ಕೇಳಿದೆ. "ಮೇಲಿನವರಿಗೆ" ಎಂದರು. ಯಾವ ಮೇಲಿನವರು ಎಂದರೆ ಮೈಕ್ ಸರಿಮಾಡಲು ಹೋದರು. ಈಗ ನನಗೂ ಅನುಮಾನ ಬಂತು.

ವಾಪಸು ಬಂದು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಅವರ ನಡುವೆ ನೆಲದ ಮೇಲೆ ಕೂತೆ. ಕೊನೆಗೆ ಮುದುಕಿ, "ಮೊಗ್ಗಿಗೆ ಹುಳ ಬಿದ್ದೈತಿ. ಏನ್ ಹೊಡೀಬೇಕು, ನಿಮ್ಮ ಸಾಹೇಬ್ರನ್ನ ಕೇಳು" ಎಂದಳು.

ಹಾಗೆನ್ನುವಾಗಲೂ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಚೀಲವನ್ನು ನೋಡುತ್ತಿದ್ದಳು.