ಚಂದ್ರಮತಿ ಬರೆಯದ ಉತ್ತರ

ಚಂದ್ರಮತಿ ನನ್ನ ಹತ್ತಿರ ಒಂದು ವರ್ಷ ಇಂಗ್ಲಿಷ್ ಕಲಿತಳು. ಕಲಿಸಿದೆ ಎನ್ನಲು ಈಗ ನನಗೆ ನಾಚಿಕೆಯಾಗುತ್ತದೆ.

೧೯೮೮ರಲ್ಲಿ, ಕಾಲೇಜಿಗೆ ಹೋಗದೆ ಬಿ.ಎ. ಕಟ್ಟಿದವರಿಗೆ ಅಥಣಿಯ ನನ್ನ ಮನೆಯಲ್ಲೇ ಪಾಠ ಹೇಳುತ್ತಿದ್ದೆ. ಅವಳು ಐನಾಪುರದಿಂದ ಬಸ್ಸಿಗೆ ಬರುತ್ತಿದ್ದಳು. ಜುಗೂಳಕ್ಕೆ ಮದುವೆ ಮಾಡಿಕೊಟ್ಟಿದ್ದರು, ಗಂಡ ಮಾತಿಗೊಮ್ಮೆ ಕೈ ಎತ್ತುತ್ತಾನೆಂದು ತವರಿಗೆ ಬಂದಿದ್ದಳು. ಬಿ.ಎ. ಆದರೆ ಊರ ಶಾಲೆಯಲ್ಲಿ ನೌಕರಿ ಸಿಗುವುದಿತ್ತು. ಉಳಿದದ್ದು ಇಂಗ್ಲಿಷ್ ಒಂದೇ, ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಜುಗೂಳಕ್ಕೇ ಕಳಿಸಿಬಿಡುತ್ತೇನೆಂದು ಅಣ್ಣ ರಾವಸಾಹೇಬ ಹೇಳಿದ್ದ.

ಪಠ್ಯದಲ್ಲಿದ್ದದ್ದು ಆ ಕಾಲದ ಅಮೆರಿಕನ್ ಲೇಖಕನೊಬ್ಬನ ಸಣ್ಣಕಥೆ, ಕವಿತೆಗಳು. ನಿಜ ಹೇಳಬೇಕೆಂದರೆ ನನಗೇ ಅವು ತಲೆಗೆ ಹತ್ತಿರಲಿಲ್ಲ. ಕಥೆಯಲ್ಲಿ ಏನೂ ಆಗುತ್ತಿರಲಿಲ್ಲ, ಕವಿತೆ ಶುರುವಾಗುವಷ್ಟರಲ್ಲಿ ಮುಗಿಯುತ್ತಿತ್ತು. ಮಿರಜದಾಚೆ ಕಾಲಿಡದ ನಾನು ಗೈಡು ನೋಡಿ ಎಲ್ಲದಕ್ಕೂ ‘ಆಧುನಿಕ ಮನುಷ್ಯನ ಒಂಟಿತನ’ ಎಂದು ಬರೆಸುತ್ತಿದ್ದೆ. ಬಟ್ಟೆ ಒಣಹಾಕುವ ಹೆಂಗಸಿನ ಕವಿತೆಗೂ ಅದೇ, ಕೆಟ್ಟು ನಿಂತ ಮೋಟಾರಿನ ಕಥೆಗೂ ಅದೇ.

ಒಂದು ಕಥೆಯಲ್ಲಿ ಗಂಡಹೆಂಡತಿ ಊಟಕ್ಕೆ ಕೂರುತ್ತಾರೆ. ಮಾತಿಲ್ಲ. ಕತ್ತಲಾಗುತ್ತದೆ, ಅನ್ನ ಮುಟ್ಟದೆ ಏಳುತ್ತಾರೆ. ಯಾಕೆ ಉಣ್ಣಲಿಲ್ಲ ಎಂದು ಕೇಳಿದೆ. ಹೊತ್ತು ಮುಳುಗಿದ ಮೇಲೆ ಹೇಗೆ ಉಣ್ಣುತ್ತಾರೆ ಎಂದಳು ಚಂದ್ರಮತಿ. ಅವಳ ಜೈನರ ಮನೆಯಲ್ಲಿ ಬೆಳಕಿರುವಾಗಲೇ ಊಟ ಮುಗಿಯಬೇಕು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮೆರಿಕದವರಿಗೆ ಯಾವ ಮುನಿಮಹಾರಾಜರು ನಿಯಮ ಕೊಟ್ಟರಮ್ಮಾ ಎಂದೆ. ಕೋಣೆಯಲ್ಲಿದ್ದ ಉಳಿದ ಒಂಬತ್ತು ಮಂದಿಯೂ ನಕ್ಕರು. ಅಂದಿನಿಂದ ಅವಳು ಬಾಯಿ ಬಿಡಲಿಲ್ಲ, ಗೈಡನ್ನು ಉರು ಹೊಡೆದಳು.

ಪರೀಕ್ಷೆಯಲ್ಲಿ ಅದೇ ಕಥೆ ಬಂತು. ಅವರಿಬ್ಬರು ಯಾಕೆ ಉಣ್ಣಲಿಲ್ಲ, ನಿಮಗೆ ತಿಳಿದಂತೆ ಬರೆಯಿರಿ ಎಂಬ ಪ್ರಶ್ನೆ. ಹನ್ನೆರಡು ಅಂಕ. ಅವಳು ಆ ಪುಟ ಖಾಲಿ ಬಿಟ್ಟಳು. ನಾಲ್ಕು ಅಂಕದಿಂದ ಹೋಯಿತು.

ಪುಸ್ತಕ ವಾಪಸು ಕೊಡಲು ಬಂದಾಗ, ಏನಾದರೂ ಗೀಚಬಾರದಿತ್ತೇ ಎಂದು ಸಿಡುಕಿದೆ.

“ಗೊತ್ತಿತ್ರಿ ಸರ,” ಎಂದಳು. “ಇಬ್ರಿಗೂ ಹಸಿವಿತ್ತು. ಅವರ ಮೊದ್ಲ ಮಾತಾಡ್ಲಿ, ಆಮ್ಯಾಲ ಉಂಡ್ರಾತು ಅಂತ ಇಬ್ರೂ ಕುಂತ್ರು. ಜುಗೂಳದಾಗ ನಾನೂ ಹಂಗ ಭಾಳ ದಿನಾ ಕುಂತೇನ್ರಿ.”

ನನ್ನ ಗೈಡಿನಲ್ಲಿ ಇಂಥ ಒಂದು ಸಾಲೂ ಇರಲಿಲ್ಲ.

“ಮತ್ಯಾಕ ಬರೀಲಿಲ್ಲ?”

“ಪೇಪರ್ ನೋಡಾವ್ರೂ ನಗ್ತಾರ ಅನಿಸ್ತ್ರಿ.”

ಇನ್ನೊಮ್ಮೆ ಕಟ್ಟು, ನಿನ್ನ ಅಣ್ಣನಿಗೆ ನಾನು ಹೇಳುತ್ತೇನೆ ಎಂದೆ. ಎರಡು ದಿನ ಬಿಟ್ಟು ಐನಾಪುರಕ್ಕೆ ಹೋದರೆ ಅವಳನ್ನು ಆಗಲೇ ಕಳಿಸಿಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ, ಜುಗೂಳಕ್ಕೂ ಹೋದೆ. ಬಾಗಿಲಲ್ಲಿ ನಿಂತ ಗಂಡ ನನ್ನನ್ನು ಮೇಲೆ ಕೆಳಗೆ ನೋಡಿ, ಇವರು ಯಾರು ಎಂದು ಒಳಗೆ ಕೂಗಿದ. ಚಂದ್ರಮತಿ ಬಂದಳು. ಎಡಗೆನ್ನೆ ಬಾತಿತ್ತು. ಯಾರೋ ಗೊತ್ತಿಲ್ಲ ಎಂದಳು.

ನಾನೂ ಮನೆ ತಪ್ಪಿ ಬಂದೆನೆಂದು ಹೇಳಿ ಬಸ್ಸು ಹಿಡಿದೆ.