ಆಯಮ್ಮನ ಯುಗಾದಿ

ಮಿಷನ್ನಿನ ಹಳೆಯ ದಫ್ತರಗಳ ಕೋಣೆಯನ್ನು ಮೊನ್ನೆ ಫಿನಾಯಿಲ್ ಹಾಕಿ ತೊಳೆದಿದ್ದರು. ಬಾಗಿಲು ತೆರೆದೊಡನೆ ಆ ವಾಸನೆ ಮುಖಕ್ಕೆ ಬಡಿದು, ಹೋದ ಕೆಲಸ ಮರೆತು ನಿಂತೆ. ಹಾಸನದಲ್ಲಿ ನಮ್ಮ ಪಕ್ಕದ ಮನೆಯ ಆಯಮ್ಮನ ಸೀರೆಗೆ ಸದಾ ಇದೇ ವಾಸನೆ...

ಅವರು ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ನಲವತ್ತರ ದಶಕದ ಮೊದಲ ವರ್ಷಗಳವು. ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದುದು ನೆನಪಿರುವುದರಿಂದ ಯುದ್ಧಕಾಲವೆಂಬುದು ಖಚಿತ. ಮೈಸೂರಿನಲ್ಲಿ ಓದುತ್ತಿದ್ದ ನಾನು ರಜೆಗೆ ಬಂದರೆ ಬೇಲಿಯಾಚೆಯಿಂದಲೇ ಕೂಗುತ್ತಿದ್ದರು: “ಬಂದ್ಯೇನ್ಲಾ ಪಂಡಿತ? ಇವತ್ತು ಮುದ್ದೆ ಉಣ್ತೀಯೋ, ಬುಕ್ಕು ಉಣ್ತೀಯೋ?”

ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ಹೆಂಗಸರು ಮೊದಲು ಆಯಮ್ಮನ ಸಾಕ್ಷಿ, ಅಂದರೆ ಅವರು ಯೇಸುವನ್ನು ಕಂಡುಕೊಂಡ ಬಗೆ, ಕೇಳಬೇಕು, ಬಳಿಕ ತಮ್ಮದನ್ನು ಹೇಳಲು ಕಲಿಯಬೇಕು ಎಂಬುದು ನಮ್ಮ ಕ್ರೈಸ್ತ ಸಭೆಯ ರೂಢಿ. ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಅವರನ್ನು ಕರೆಸಿಕೊಳ್ಳುತ್ತಿದ್ದರು. ಅವರ ಮಾತು ಪ್ರತಿಸಲವೂ ಒಂದೇ.

“ಅವತ್ತು ಯುಗಾದಿ ಕಣ್ರವ್ವ. ಒಳೆನರಸೀಪುರದ ನಮ್ ಬೀದೀಲೆಲ್ಲ ಒಬ್ಬಟ್ಟಿನ ಗಮಲು. ನನ್ ಮಗ ಸತ್ತು ಮಲಗವ್ನೆ, ಅಬ್ಬ ಕೆಡ್ತದೆ ಅಂತ ಒಬ್ರೂ ಒಸ್ಲು ತುಳೀನಿಲ್ಲ. ಆಸ್ಪತ್ರೆ ದೊರೆಸಾನಿ ಬಂದು ಎತ್ಕಂಡ್ಲು. ಆ ತೋಳ್ನಾಗೆ ಯೇಸಪ್ಪನ್ನ ಕಂಡೆ.”

ಒಂದು ಬೇಸಿಗೆಯಲ್ಲಿ ಪಾದ್ರಿ ಅಯ್ಯನವರು ಈ ಸಾಕ್ಷಿಗಳನ್ನೆಲ್ಲ ಬರೆದಿಡುವ ಕೆಲಸವನ್ನು ನನಗೆ ವಹಿಸಿದರು. ಮಗುವನ್ನು ಹೊಳೆನರಸೀಪುರದ ಮಿಷನ್ ಸ್ಮಶಾನದಲ್ಲಿ ಮಣ್ಣುಮಾಡಿದ್ದರಿಂದ ಸಭೆಯ ದಫ್ತರದಲ್ಲಿ ಅದರ ತಾರೀಖು ಇತ್ತು. ಪಂಚಾಂಗದೊಡನೆ ಹೋಲಿಸಿದೆ. ಆಷಾಢ! ಆ ವಯಸ್ಸಿನಲ್ಲಿ ಅದೊಂದು ಗೆಲುವಿನಂತೆ ಕಂಡಿತು.

ಮರುದಿನ ಆಯಮ್ಮನ ಅಂಗಳದಲ್ಲಿ ಏಳೆಂಟು ಹೆಂಗಸರು ಕುಳಿತಿದ್ದರು. ಕಟ್ಟಾಯದ ಕಡೆಯ ಒಬ್ಬ ಎಳೆಯ ವಿಧವೆ, ಮನೆಯವರ ವಿರೋಧ ಕಟ್ಟಿಕೊಂಡು ಬಂದವಳು, ಮುಂದೆಯೇ ಇದ್ದಳು. ಆಯಮ್ಮ “ಅವತ್ತು ಯುಗಾದಿ” ಎಂದೊಡನೆ ನಾನು ಬಾಯಿಹಾಕಿದೆ: “ಅಲ್ಲ ಆಯಮ್ಮ, ಆಷಾಢ. ದಫ್ತರದಲ್ಲಿದೆ.”

ಅವರು ನನ್ನ ಮುಖ ನೋಡಿದರು. ಆ ವಿಧವೆ ಮೆಲ್ಲಗೆ ಕೇಳಿದಳು: “ಅಂಗಾರೆ ಮಿಕ್ಕಿದ್ದೂವೆ ಅಂಗೇಯಾ?”

ಆಯಮ್ಮ ಎದ್ದು ಒಳಗೆ ಹೋದರು. ಆ ಹೆಣ್ಣುಮಗಳು ಸಂಜೆಯ ಬಸ್ಸಿಗೆ ಊರಿಗೆ ಹೊರಟುಹೋದಳು, ಮತ್ತೆ ಬರಲಿಲ್ಲ.

ಕ್ಷಮೆ ಕೇಳಲು ಹೋದಾಗ ಆಯಮ್ಮನೇ ನನ್ನನ್ನು ಸಮಾಧಾನಪಡಿಸಿದರು. “ಬುಡ್ಲಾ ಮಗ. ಬುಕ್ಕು ಸುಳ್ಳೇಳಕಿಲ್ಲ. ನಾನೇ ದಡ್ ಎಂಗ್ಸು, ಮರ್ತಿರ್ಬೇಕು.”

ಅವರು ಮತ್ತೆಂದೂ ಸಾಕ್ಷಿ ಹೇಳಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ಮರೆಯುತ್ತಿದ್ದೆನೇನೋ... ಪ್ರತಿ ಯುಗಾದಿಗೆ ಹೊಳೆನರಸೀಪುರಕ್ಕೆ ಹೋಗಿ ಮಗುವಿನ ಗೋರಿಗೆ ಹೂವಿಟ್ಟು ಬರುತ್ತಿದ್ದವರು, ಆಮೇಲೆ ನಾನು ಹೇಳಿದ ತಾರೀಖಿನಂದೇ, ಆಷಾಢದ ಗಾಳಿಯಲ್ಲಿ, ಹೋಗತೊಡಗಿದರು. ಸಾಯುವವರೆಗೂ ಹೋದರಂತೆ.

ಮೊನ್ನೆ ಆ ಕೋಣೆಯಲ್ಲಿ ತೆಗೆದದ್ದು ಅದೇ ದಫ್ತರ. ಬೇರೇನೋ ಹುಡುಕುತ್ತಿದ್ದವನ ಕಣ್ಣು ಆ ಪುಟದಲ್ಲಿ ನಿಂತಿತು. ಒಂದೇ ತಾರೀಖು, ಒಂದೇ ಶಾಯಿ; ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಊರಿನ ಹೆಣಗಳಿಗೆ! ಅಂದಿನ ಪಾದ್ರಿಗಳ ಪ್ರವಾಸದ ಪುಸ್ತಕವನ್ನೂ ತರಿಸಿ ನೋಡಿದೆ. ತಿಂಗಳುಗಟ್ಟಲೆ ಸುತ್ತಿ ಹಾಸನಕ್ಕೆ ಮರಳಿದ ದಿನ ಅವರು ಎಲ್ಲವನ್ನೂ ಒಟ್ಟಿಗೆ ದಫ್ತರಕ್ಕೆ ಏರಿಸಿದ್ದರು. ಅದು ಬರೆದ ದಿನ, ಮಣ್ಣುಮಾಡಿದ ದಿನವಲ್ಲ. ಪ್ರವಾಸದ ಪುಸ್ತಕದಲ್ಲಿ ಆ ವರ್ಷದ ಯುಗಾದಿಯ ದಿನದ ಎದುರು, ಸಣ್ಣ ಅಕ್ಷರದಲ್ಲಿ: “ಹೊಳೆನರಸೀಪುರ, ಒಂದು ಮಗು.”

ಎಲ್ಲ ತಾರೀಖುಗಳನ್ನೂ ತಾಳೆನೋಡುತ್ತ ಬದುಕು ಕಳೆದೆ. ತಾಳೆನೋಡಲೇಬೇಕಾಗಿದ್ದ ಒಂದನ್ನು ಬಿಟ್ಟೆ. ಈಗ ದಣಿವಾಗಿದೆ.

ಕಳೆದ ಭಾನುವಾರ ಆರಾಧನೆಯಲ್ಲಿ, ಸಾಕ್ಷಿ ಹೇಳುವವರು ಇದ್ದೀರಾ ಎಂದು ಕೇಳಿದರು. ಎಂದೂ ಏಳದವನು ಎದ್ದೆ. “ಅವತ್ತು ಯುಗಾದಿ” ಎಂದು ಆರಂಭಿಸಿ, ನಡೆದುದನ್ನೆಲ್ಲ ಹೇಳಿದೆ. ಜನ ತಾಳ್ಮೆಯಿಂದ ಕೇಳಿದರು. ಆ ಅಂಗಳದಲ್ಲಿ ಅಂದು ಕುಳಿತಿದ್ದವರು ಒಬ್ಬರೂ ಅಲ್ಲಿರಲಿಲ್ಲ.